ಆಕಾಶಮಾರ್ಗದ ಅಳತೆ

ಭೂಪಟದ ಮೇಲೆ ಎರಡು ಊರುಗಳನ್ನು ಗುರುತಿಸಿ ಅವುಗಳ ನಡುವೆ ಒಂದು ಸರಳರೇಖೆಯನ್ನೆಳೆದರೆ, ಅದೇ ಅತ್ಯಂತ ಹತ್ತಿರದ ಹಾದಿಯೆಂದು ತೋರುವುದು ಸಹಜ. ಮೈಸೂರು, ಮಂಡ್ಯಗಳಂತಹ ನೆರೆಯೂರುಗಳ ವಿಷಯದಲ್ಲಿ ಈ ಎಣಿಕೆ ತಪ್ಪಾಗದು. ಆದರೆ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೊರಟ ವಿಮಾನವು ಇಂತಹ ರೇಖೆಯನ್ನೇ ನಂಬಿದರೆ, ಸುಮಾರು ಎರಡು ಸಾವಿರ ಕಿಲೋಮೀಟರುಗಳನ್ನು ವ್ಯರ್ಥವಾಗಿ ಸುತ್ತಬೇಕಾಗುತ್ತದೆ.

ಇದಕ್ಕೆ ಕಾರಣವೇನು? ಭೂಮಿ ದುಂಡಗಿದೆ; ಭೂಪಟ ಚಪ್ಪಟೆಯಾಗಿದೆ. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಹರಿಯದೆ, ಹಿಗ್ಗಿಸದೆ ಮೇಜಿನ ಮೇಲೆ ಸಮವಾಗಿ ಹರಡಲು ಸಾಧ್ಯವಿಲ್ಲ. ಭೂಪಟವನ್ನು ರಚಿಸುವವರ ಕಷ್ಟವೂ ಇದೇ. 1569ರಲ್ಲಿ ಮರ್ಕೇಟರ್ ಎಂಬ ಭೂಗೋಳಜ್ಞನು ನಾವಿಕರಿಗೆ ದಿಕ್ಕು ತಪ್ಪದಂತೆ ಒಂದು ಭೂಪಟವನ್ನು ರಚಿಸಿದನು. ಅದರಲ್ಲಿ ದಿಕ್ಕು ಸರಿಯಾಗಿ ಉಳಿಯಿತು. ಆದರೆ ಧ್ರುವಗಳತ್ತ ಸಾಗಿದಂತೆ ದೂರಗಳು ಹಿಗ್ಗಿದವು.

ನಿಜವಾದ ಹತ್ತಿರದ ಹಾದಿಯನ್ನು ತಿಳಿಯಲು ಶಾಲೆಯ ಗೋಳವೂ ಒಂದು ದಾರವೂ ಸಾಕು. ಎರಡು ನಗರಗಳ ಮೇಲೆ ದಾರದ ತುದಿಗಳನ್ನಿರಿಸಿ ಬಿಗಿಯಾಗಿ ಎಳೆದಾಗ, ಅದು ಪೂರ್ವದ ಪೆಸಿಫಿಕ್ ಸಾಗರದತ್ತ ನೇರವಾಗಿ ಸಾಗದೆ ಉತ್ತರಕ್ಕೆ ಏರುತ್ತದೆ. ಸೈಬೀರಿಯ, ಅಲಾಸ್ಕಗಳನ್ನು ದಾಟಿ ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಭೂಮಿಯನ್ನು ಎರಡು ಸಮಭಾಗ ಮಾಡುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಆ ದಾರವು ಇಂತಹ ವೃತ್ತದ ಒಂದು ತುಂಡು.

ಇನ್ನು ಲೆಕ್ಕ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಅದನ್ನು 360 ಡಿಗ್ರಿಗಳಿಗೆ ಹಂಚಿದರೆ ಮಹಾವೃತ್ತದ ಒಂದು ಡಿಗ್ರಿಗೆ 111 ಕಿಲೋಮೀಟರು ದೊರೆಯುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಉತ್ತರ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿಯಲ್ಲಿರುವುದರಿಂದ ಧ್ರುವದಿಂದ ಅಲ್ಲಿಗೆ 52.4 ಡಿಗ್ರಿ. ಎರಡನ್ನೂ ಕೂಡಿಸಿ 111ರಿಂದ ಗುಣಿಸಿದರೆ, ಧ್ರುವದ ಮೇಲಿನ ಹಾದಿಯು ಸುಮಾರು 14,340 ಕಿಲೋಮೀಟರು. ರೇಖಾಂಶಗಳನ್ನೂ ಸೇರಿಸಿ ತ್ರಿಕೋನಮಿತಿಯಿಂದ ಲೆಕ್ಕ ಹಾಕಿದಾಗ ಮಹಾವೃತ್ತದ ಕನಿಷ್ಠ ದೂರ ಸುಮಾರು 14,000 ಕಿಲೋಮೀಟರೆಂದು ತಿಳಿಯುತ್ತದೆ. ಚಪ್ಪಟೆ ಭೂಪಟದ ಸರಳರೇಖೆಯಾದರೋ 16,000 ಕಿಲೋಮೀಟರನ್ನು ಮೀರುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮಾರ್ಗವಾಗಿ, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿದರು.

ಲೆಕ್ಕದ ಕನಿಷ್ಠ ದೂರವನ್ನೇ ವಿಮಾನವು ಯಾವಾಗಲೂ ಕ್ರಮಿಸುವುದಿಲ್ಲ. ಎದುರುಗಾಳಿಯನ್ನು ತಪ್ಪಿಸಿಕೊಳ್ಳಬೇಕು, ಬಿರುಗಾಳಿಯನ್ನು ಬಳಸಿ ಹೋಗಬೇಕು, ಯುದ್ಧ ನಡೆಯುವ ನಾಡಿನ ಆಕಾಶದಿಂದ ದೂರವಿರಬೇಕು, ಆಪತ್ತಿನಲ್ಲಿ ಇಳಿಯಲು ನಿಲ್ದಾಣವೊಂದು ಹತ್ತಿರದಲ್ಲಿರಬೇಕು. ಇವೆಲ್ಲಕ್ಕೂ ಸಾಲುವಷ್ಟು ಇಂಧನವನ್ನು ಹೊರಡುವ ಮೊದಲೇ ತುಂಬಿಕೊಳ್ಳಬೇಕು. ಕಡಿಮೆಯಾದರೆ ನಡುದಾರಿಯಲ್ಲಿ ಅಪಾಯ. ಹೆಚ್ಚಾದರೆ ಆ ಭಾರವನ್ನು ಹೊರಲೆಂದೇ ಮತ್ತಷ್ಟು ಇಂಧನ ಉರಿಯುತ್ತದೆ. ಆದುದರಿಂದ ನೂರಾರು ಪ್ರಯಾಣಿಕರ ಕ್ಷೇಮವು ವಿಮಾನವು ನೆಲವನ್ನು ಬಿಡುವ ಮುನ್ನವೇ ಮಾಡಿದ ಒಂದು ಲೆಕ್ಕವನ್ನು ಅವಲಂಬಿಸಿರುತ್ತದೆ.