ಕಂಪ್ಯೂಟರಿನ ಹೂಳೆತ್ತುವ ಮುನ್ನ

ಹೊಸದುರ್ಗದಲ್ಲಿ ಶಿಕ್ಷಕಿಯಾಗಿರುವ ನನ್ನ ಖಾಲಾರ ಮಗಳು ಒಂದು ರಾತ್ರಿ ಫೋನ್ ಮಾಡಿದಳು. ಸ್ವರದಲ್ಲಿ ಅಳುವಿತ್ತು. “ಆಪಾ, ಎರಡು ದಿನ ಕೂತು ಟೈಪ್ ಮಾಡಿದ ಪ್ರಶ್ನೆಪತ್ರಿಕೆಯೇ ಕಾಣುತ್ತಿಲ್ಲ. ಸೇವ್ ಮಾಡಿದ್ದೆ, ಖಂಡಿತ ಮಾಡಿದ್ದೆ!”

ವಿಚಾರಿಸಿದಾಗ ಸಂಗತಿ ತಿಳಿಯಿತು. ಸಹೋದ್ಯೋಗಿ ಕಳುಹಿಸಿದ ಜಿಪ್ ಫೈಲನ್ನು ಬಿಡಿಸದೆ, ಅದರೊಳಗಿನ ಹಳೆಯ ಪ್ರಶ್ನೆಪತ್ರಿಕೆಯನ್ನೇ ತೆರೆದು ತಿದ್ದಿದ್ದಳು. ಸೇವ್ ಒತ್ತಿದಾಗ ಕಂಪ್ಯೂಟರ್ ತೋರಿಸಿದ ಜಾಗದಲ್ಲೇ ಹೊಸ ಹೆಸರು ಕೊಟ್ಟು ಉಳಿಸಿದ್ದಳು. ಆ ಜಾಗ ತಾತ್ಕಾಲಿಕ ಫೈಲುಗಳ ‘ಟೆಂಪ್’ ಫೋಲ್ಡರ್ ಎಂದು ಅವಳಿಗೆ ತಿಳಿದಿರಲಿಲ್ಲ. ಅದೇ ಸಂಜೆ ‘ಡಿಸ್ಕ್ ಭರ್ತಿಯಾಗಿದೆ’ ಎಂಬ ಎಚ್ಚರಿಕೆ ಕಂಡ ಮಗ, ಅಮ್ಮಿಗೆ ಸಹಾಯವಾಗಲೆಂದು ಆ ಫೋಲ್ಡರನ್ನು ಪೂರ್ತಿ ಅಳಿಸಿಬಿಟ್ಟಿದ್ದ. ಹುಡುಗನ ತಪ್ಪೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಯಾವುದು ಕಸ, ಯಾವುದು ಕಾಳು ಎಂದು ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಏನಿದು ತಾತ್ಕಾಲಿಕ ಫೈಲು?

ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಕೆರೆಯ ಹೂಳಿನ ಮಾತು ಹೊಸದಲ್ಲ. ಮಳೆನೀರು ಹರಿದು ಬರುವಾಗ ಮಣ್ಣನ್ನೂ ತರುತ್ತದೆ. ನೀರು ಖರ್ಚಾಗುತ್ತದೆ, ಮಣ್ಣು ಉಳಿಯುತ್ತದೆ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಒಂದು ತಂತ್ರಾಂಶವನ್ನು ಅಳವಡಿಸುವಾಗ, ದೊಡ್ಡ ಚಿತ್ರವನ್ನು ತಿದ್ದುವಾಗ, ವಿಂಡೋಸ್ ಹೊಸ ಆವೃತ್ತಿಗೆ ಬದಲಾಗುವಾಗ ಕೆಲವು ಫೈಲುಗಳನ್ನು ಅದು ತಾನೇ ಸೃಷ್ಟಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಇವು ಅಳಿಯಬೇಕು. ಆದರೆ ನಡುವೆ ಕರೆಂಟ್ ಹೋದರೆ, ಅಥವಾ ತಂತ್ರಾಂಶ ಅರ್ಧಕ್ಕೆ ನಿಂತರೆ, ಅವು ಅಲ್ಲೇ ಉಳಿಯುತ್ತವೆ. ಹಿರಿಯೂರಿನ ನಮ್ಮ ತವರು ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗುವುದು ಮಾಮೂಲು. ಅಲ್ಲಿನ ಕಂಪ್ಯೂಟರಿನಲ್ಲಿ ಇಂಥ ಫೈಲುಗಳ ರಾಶಿಯೇ ಇತ್ತು.

ಬ್ರೌಸರ್ ಕೂಡಾ ನಾವು ನೋಡಿದ ಪುಟಗಳ ಚಿತ್ರಗಳನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಪುಟ ಬೇಗ ತೆರೆಯಲಿ ಎಂಬುದು ಉದ್ದೇಶ. ಇದಕ್ಕೆ ‘ಕ್ಯಾಶೆ’ ಎನ್ನುತ್ತಾರೆ.

ಸ್ವಚ್ಛ ಮಾಡುವುದು ಹೇಗೆ?

ಮೊದಲು ನಿಮ್ಮ ಕೆಲಸವನ್ನೆಲ್ಲ ‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲಿ ಉಳಿಸಿ. ಕರೆಂಟ್ ಹೋಗಿ ಬಂದಿದ್ದರೆ ಮೊದಲು ವರ್ಡ್ ತೆರೆದು, ಅದು ಮರಳಿ ಕೊಡುವ ಬರಹ ಇದೆಯೇ ನೋಡಿ. ನಂತರ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಒಂದೊಂದಾಗಿ ತೆರೆದು ‘ಟೆಂಪರರಿ ಫೈಲ್ಸ್’ ಕ್ಲಿಕ್ಕಿಸಿ. ಯಾವುದು ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. ಅಲ್ಲಿ ಅವಸರ ಬೇಡ. ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಇರುತ್ತದೆ. ಅದು ಕಸವಲ್ಲ. ಮಗಳ ಅಂಕಪಟ್ಟಿ, ನಿಕಾಹ್‌ನ ಫೋಟೋ, ಬ್ಯಾಂಕಿನ ಕಾಗದ ಅಲ್ಲೇ ಇರಬಹುದು. ಅದರ ಮುಂದೆ ಗುರುತು ಇಲ್ಲದಂತೆ ನೋಡಿಕೊಳ್ಳಿ. ‘ರೀಸೈಕಲ್ ಬಿನ್’ ಖಾಲಿ ಮಾಡುವ ಮುನ್ನವೂ ಒಮ್ಮೆ ತೆರೆದು ನೋಡಿ.

ಇನ್ನೊಂದು ದಾರಿಯೂ ಇದೆ. ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ಇಂಗ್ಲಿಷಿನಲ್ಲಿ ಟಿ, ಇ, ಎಂ, ಪಿ ಎಂಬ ನಾಲ್ಕು ಅಕ್ಷರಗಳನ್ನು ಹಿಂದೆ ಮುಂದೆ ಶೇಕಡಾ ಚಿಹ್ನೆಯೊಂದಿಗೆ ಟೈಪ್ ಮಾಡಿ ಎಂಟರ್ ಒತ್ತಿದರೆ ಟೆಂಪ್ ಫೋಲ್ಡರ್ ತೆರೆಯುತ್ತದೆ. ಅಳಿಸುವ ಮೊದಲು ನಿಮ್ಮ ವರ್ಡ್, ಎಕ್ಸೆಲ್ ಅಥವಾ ಫೋಟೋ ಅಲ್ಲಿ ಸೇರಿಕೊಂಡಿದೆಯೇ ಎಂದು ಹುಡುಕಿ. ಕೆಲವು ಫೈಲುಗಳು ಬಳಕೆಯಲ್ಲಿವೆ ಎಂದು ಬಂದರೆ ‘ಸ್ಕಿಪ್’ ಒತ್ತಿ ಬಿಟ್ಟುಬಿಡಿ.

ಬ್ರೌಸರಿಗೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಕ್ಯಾಶೆಯನ್ನು ಮಾತ್ರ ಆರಿಸಿ. ಪಾಸ್‌ವರ್ಡುಗಳ ಮುಂದೆ ಗುರುತು ಹಾಕಬೇಡಿ.

ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು. ದಿನಾ ಕ್ಯಾಶೆ ಅಳಿಸಿದರೆ ಪುಟಗಳು ಪ್ರತಿಸಲ ಹೊಸದಾಗಿ ಇಳಿಯಬೇಕಾಗಿ ತಡವೇ ಆದೀತು.

ಇವುಗಳಿಂದ ದೂರವಿರಿ

‘ಒಂದೇ ಕ್ಲಿಕ್ಕಿಗೆ ಕಂಪ್ಯೂಟರ್ ಹತ್ತು ಪಟ್ಟು ವೇಗ’ ಎಂಬ ಜಾಹೀರಾತುಗಳನ್ನು ನಂಬಬೇಡಿ. ಬಹಳ ಜನ ಬಳಸುತ್ತಿದ್ದ ಸಿಕ್ಲೀನರ್ ತಂತ್ರಾಂಶದ 5.33ನೇ ಆವೃತ್ತಿಯಲ್ಲೇ 2017ರಲ್ಲಿ ಹ್ಯಾಕರ್‌ಗಳು ಕೆಟ್ಟ ಸಂಕೇತ ಸೇರಿಸಿದ್ದರು. ವಿಂಡೋಸಿನಲ್ಲೇ ಸೌಲಭ್ಯವಿರುವಾಗ ಹೊರಗಿನದು ಏಕೆ? ಇನ್ನೊಂದು ಮಾತು: ಕಸ ತೆಗೆದರೆ ಜಾಗ ಸಿಗುತ್ತದೆ, ಆದರೆ ಹಳೆಯ ಕಂಪ್ಯೂಟರ್ ಹೊಸದಾಗುವುದಿಲ್ಲ. ರ‍್ಯಾಮ್ ಕಡಿಮೆ ಇದ್ದರೆ, ಹಾರ್ಡ್ ಡಿಸ್ಕ್ ಸವೆದಿದ್ದರೆ ಅದಕ್ಕೆ ಬೇರೆಯೇ ಮದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಸೈಬರ್ ಅಂಗಡಿಯಲ್ಲಿ

ಹೊಳಲ್ಕೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ವಿದ್ಯಾರ್ಥಿವೇತನದ ಅರ್ಜಿ ಹಾಕಲು ನಮ್ಮ ಹೆಣ್ಣುಮಕ್ಕಳು ಸೈಬರ್ ಅಂಗಡಿಗೆ ಹೋಗುತ್ತಾರೆ. ಆಧಾರ್, ಫೋಟೋ, ಬ್ಯಾಂಕ್ ಪುಸ್ತಕ ಎಲ್ಲವೂ ಆ ಕಂಪ್ಯೂಟರಿನಲ್ಲಿ ಇಳಿಯುತ್ತವೆ. ಕೆಲಸ ಮುಗಿದ ಮೇಲೆ ಅವು ತಾವಾಗಿ ಹೋಗುವುದಿಲ್ಲ. ಇ-ಆಧಾರ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಪರಿಚಯದವರಿಗೆ ಅದು ಬೀಗವೇ ಅಲ್ಲ! ಆದ್ದರಿಂದ ಎದ್ದು ಬರುವ ಮುನ್ನ ಡೌನ್‌ಲೋಡ್ಸ್‌ನಲ್ಲಿರುವ ನಿಮ್ಮ ಫೈಲುಗಳನ್ನು ಶಿಫ್ಟ್ ಮತ್ತು ಡಿಲೀಟ್ ಒತ್ತಿ ಅಳಿಸಿ, ಇಮೇಲಿನಿಂದ ಸೈನ್ ಔಟ್ ಆಗಿ. ಅಂಗಡಿಯವರಿಗೆ ವಾಟ್ಸಪ್‌ನಲ್ಲಿ ಕಳಿಸಿದ್ದರೆ ಅದನ್ನೂ ಅಳಿಸಲು ಹೇಳಿ. ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು. ಹೀಗೆ ಅಳಿಸಿದ್ದನ್ನೂ ವಿಶೇಷ ತಂತ್ರಾಂಶದಿಂದ ಮರಳಿ ಪಡೆಯಲು ಸಾಧ್ಯವಿದೆ. ಹಾಗಾಗಿ ತೀರಾ ಖಾಸಗಿಯಾದುದನ್ನು ಅಲ್ಲಿ ತೆರೆಯದಿರುವುದೇ ಕ್ಷೇಮ.

ಖಾಲಾರ ಮಗಳ ಪ್ರಶ್ನೆಪತ್ರಿಕೆ ಮರಳಿ ಸಿಗಲಿಲ್ಲ. ಕೈಬರಹದ ಪ್ರತಿ ಇಟ್ಟುಕೊಂಡಿದ್ದಳು, ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದಳು. ಬೆಳಿಗ್ಗೆ ಮಗ ಅಮ್ಮಿಯ ಫೈಲುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತಾನಾಗಿಯೇ ನಕಲು ಮಾಡಿಕೊಟ್ಟನಂತೆ. ನಿಮ್ಮ ಮನೆಯಲ್ಲೂ ಹಾಗೊಂದು ನಕಲು ಇದೆಯೇ? ಇಲ್ಲದಿದ್ದರೆ ಕಸ ಗುಡಿಸುವ ಮೊದಲು ಅದನ್ನು ಮಾಡಿಟ್ಟುಕೊಳ್ಳಿ.