ಶಯನಕಾಲದ ಮಾತ್ರೆ

ಸಿಂಗಪುರದ ಬುಕಿತ್ ಪಂಜಾಂಗ್‌ನಲ್ಲಿ ನೆಲೆಸಿದ ನಮ್ಮ ಹೆಣ್ಣುಮಕ್ಕಳು ಕಾಮಾಸಕ್ತಿಯ ಕ್ಷೀಣತೆಯನ್ನು ವೈದ್ಯರೆದುರು ನುಡಿಯಲು ಸಂಕೋಚಪಟ್ಟು ಅಂತರ್ಜಾಲದ ಅಂಗಡಿಗಳಿಂದ ‘ಶುದ್ಧ ಗಿಡಮೂಲಿಕೆ’ಯ ಪೊಟ್ಟಣ ತರಿಸುವ ಮುನ್ನ, ಇಂಥ ಕಾಮೋತ್ತೇಜಕಗಳಲ್ಲಿ ಸಿಲ್ಡೆನಾಫಿಲ್‌ನಂತಹ ಔಷಧಗಳು ಗುಪ್ತವಾಗಿ ಬೆರೆತಿರುವುದನ್ನು ಅಲ್ಲಿಯ ಆರೋಗ್ಯ ವಿಜ್ಞಾನ ಪ್ರಾಧಿಕಾರವು ಪದೇ ಪದೇ ಸಾರಿದೆಯೆಂಬುದನ್ನು ಅರಿಯತಕ್ಕದ್ದು.

2015ರಲ್ಲಿ ಅಮೆರಿಕದಲ್ಲಿ ಋತುನಿವೃತ್ತಿಗೆ ಮುಂಚಿನ ಸ್ತ್ರೀಯರ ಇದೇ ಕಾಮಾಸಕ್ತಿಯ ಕ್ಷೀಣತೆಗೆಂದು ಅನುಮೋದಿತವಾದ ಫ್ಲಿಬಾನ್ಸೆರಿನ್, 100 ಮಿಲಿಗ್ರಾಂನ ಮಾತ್ರೆ. ಅದನ್ನು ಮಲಗುವ ವೇಳೆಯಲ್ಲೇ ಸೇವಿಸಬೇಕು, ಹಗಲಿನಲ್ಲಿ ನುಂಗಿದರೆ ಜೋಂಪು, ತಲೆಸುತ್ತು, ರಕ್ತದೊತ್ತಡದ ಕುಸಿತಗಳಿಂದ ಬಿದ್ದು ಪೆಟ್ಟಾದೀತು. ಮದ್ಯದ ಒಂದೆರಡು ಪಾನಗಳಾಗಿದ್ದರೆ ಎರಡು ಗಂಟೆ ಕಾಯಬೇಕು. ಮೂರಾದರೆ ಆ ರಾತ್ರಿ ಮಾತ್ರೆ ನಿಷಿದ್ಧ. ಬಿಳಿಸೆರಗಿನ ತುರಿಕೆಗೆ ಕೊಡುವ ಸಾಮಾನ್ಯ ಫ್ಲೂಕೊನಜೋಲ್ ಕೂಡ ಇದರ ಅಂಶವನ್ನು ರಕ್ತದಲ್ಲಿ ಏರಿಸಿ ಮೂರ್ಛೆ ತರಬಲ್ಲುದೆಂಬುದು ಎಷ್ಟು ಮಂದಿಗೆ ತಿಳಿದೀತು! ಯಕೃತ್ತಿನ ರೋಗಿಗಳಿಗಂತೂ ಫ್ಲಿಬಾನ್ಸೆರಿನ್ ವರ್ಜ್ಯ. ಫಲವೋ, ನನ್ನೆಣಿಕೆಯಲ್ಲಿ, ಅಲ್ಪವೇ. ಎಂಟು ವಾರಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವುದು ವಿಹಿತ.