ಅಳಿಸಿಹೋಗುವ ಚಿತ್ರಕ್ಕೂ ಬೆಲೆಯುಂಟು

ಗೆಳತಿಯರೇ, ಬೆಳಗಾಗೆದ್ದು ಅಂಗಳ ಗುಡಿಸಿ ರಂಗೋಲಿ ಹಾಕುವಾಗ ನಿಮಗೂ ಅನಿಸಿದ್ದುಂಟೇ, ಹತ್ತು ಗಂಟೆಯೊಳಗೆ ತುಳಿದುಹೋಗುವುದಕ್ಕೆ ಇಷ್ಟೊಂದು ಚುಕ್ಕಿ ಯಾಕೆಂದು? ಮೊನ್ನೆ ನನ್ನ ಮಗಳು ಕೇಳಿಯೇಬಿಟ್ಟಳು: “ಅಂಟಿಸೋ ರಂಗೋಲಿ ತಂದ್ರೆ ಆಗಲ್ವೇನಮ್ಮ?”

ನೆಲದ ಚಿತ್ರವನ್ನೇ ನಂಬಿ ಬದುಕಿದವರ ಕಥೆ ಹೇಳಿದೆ. ಇಟಲಿಯಲ್ಲಿ ಊರೂರ ಹಬ್ಬಕ್ಕೆ ನಡೆದುಹೋಗಿ, ಬೀದಿಯಲ್ಲಿ ಮೇರಿಯಮ್ಮನ ಚಿತ್ರ ಬಿಡಿಸಿ, ಭಕ್ತರು ಹಾಕಿದ ಕಾಸಿನಲ್ಲಿ ಹೊಟ್ಟೆ ಹೊರೆದವರು ‘ಮಡೊನ್ನಾರಿ’ಗಳು. 1973ರಿಂದ ಗ್ರಾಜಿಯೆ ಎಂಬ ಊರಿನಲ್ಲಿ ಆಗಸ್ಟ್ ತಿಂಗಳು ಅವರದೇ ಮೇಳ ನಡೆಯುತ್ತದೆ. ಲಂಡನ್ನಿನ ಪುಟ್‌ಪಾತಿನಲ್ಲೂ ಸೀಮೆಸುಣ್ಣದ ಚಿತ್ರಗಾರರಿದ್ದರು. ನಮ್ಮ ಹುಂಚದ ಮಳೆಗೆ ರಂಗೋಲಿ ಕೊಚ್ಚಿಹೋದಂತೆ, ಮಳೆ ಬಂದರೆ ಅವರ ಅಂದಿನ ದುಡಿಮೆಯೂ ನೀರುಪಾಲು.

ಅಷ್ಟು ದೂರವೇಕೆ? 2015ರಲ್ಲಿ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ನಿಂತ ರಸ್ತೆಗುಂಡಿಗೆ ಕೆರೆಯ ಹಾಗೆ ಬಣ್ಣ ಬಳಿದು, ಮೊಸಳೆ ಗೊಂಬೆ ಕೂರಿಸಿದರು. ಊರೆಲ್ಲ ನೋಡಿತು, ಗುಂಡಿ ಮುಚ್ಚಿತು. ಚಿತ್ರ ಹೋಯಿತು, ಅದು ಮಾಡಿದ ಕೆಲಸ ಉಳಿಯಿತು.

ಮಗಳು ಏನೂ ಹೇಳಲಿಲ್ಲ. ಮರುದಿನ ಬಾಗಿಲು ತೆಗೆದರೆ ಅಂಗಳದಲ್ಲಿ ಸೊಟ್ಟಸೊಟ್ಟ ಚುಕ್ಕಿ, ಅರ್ಧ ಎಳೆದ ಎಳೆ! ನಾನು ತಿದ್ದಲಿಲ್ಲ. ನೀವೂ ಒಮ್ಮೆ ಮಕ್ಕಳ ಕೈಗೆ ರಂಗೋಲಿ ಬಟ್ಟಲು ಕೊಟ್ಟು ನೋಡಿ.